ಸೀಗೆಪುಡಿ, ತಲೆಗೆ ಎಣ್ಣೆ, ಸ್ನಾನದ ಪುಡಿ, ಹಿಮ್ಮಡಿ ಮುಲಾಮು, ಕಷಾಯ ಪುಡಿ: ಮನೆಯಲ್ಲಿ ಮಾಡುವುದು ಹೇಗೆ, ಕೆಡದಂತೆ ಇಡುವುದು ಹೇಗೆ

"ಸೀಗೆಪುಡಿ ಮಾಡಿಟ್ಟೆ, ಒಂದೇ ತಿಂಗಳಿಗೆ ಹುಳ ಬಿತ್ತು." "ದಾಸವಾಳದ ಎಣ್ಣೆ ಮುಗ್ಗಲು ವಾಸನೆ ಬರ್ತಿದೆ, ಹಚ್ಚಬಹುದಾ?" "ಅರಿಶಿನ, ನಿಂಬೆಹಣ್ಣು ಹಚ್ಚಿದ್ದಕ್ಕೆ ಮುಖ ಉರೀತಿದೆ, ಯಾಕೆ?" ಓದುಗರು ಕೇಳುವುದು ಹೆಚ್ಚುಕಡಿಮೆ ಇವನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಎಲ್ಲ ಒಂದೇ ಕಡೆ ಇದ್ದರೆ ನಿಮಗೂ ಅನುಕೂಲ ಅಲ್ವಾ, ಅದಕ್ಕೇ ಇದು.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಮನೆಯಲ್ಲಿ ಮಾಡಿದ್ದು ಕೆಡುವುದು ಹೆಚ್ಚಾಗಿ ನೀರಿನಿಂದ. ಅಂಗಡಿಯ ಶಾಂಪೂ, ಕ್ರೀಮುಗಳಲ್ಲೂ ಬೇಕಾದಷ್ಟು ನೀರಿದೆ. ಆದರೆ ಬೂಷ್ಟು ಹಿಡಿಯದ ಹಾಗೆ ಅದಕ್ಕೆ ಪ್ರಿಸರ್ವೇಟಿವ್ ಹಾಕಿರುತ್ತಾರೆ, ಅಂದರೆ ಕೆಡದಂತೆ ಕಾಯುವ ರಾಸಾಯನಿಕ. ನಾವು ಹಾಕುವುದಿಲ್ಲ. ಹಾಗಾಗಿ ನಮಗಿರುವುದು ಎರಡೇ ದಾರಿ: ಒಂದೋ ನೀರಿನ ಪಸೆ ಪೂರ್ತಿ ತೆಗೆದು ಡಬ್ಬಿಗೆ ಹಾಕಬೇಕು, ಇಲ್ಲಾಂದ್ರೆ ಅವತ್ತು ಮಾಡಿದ್ದನ್ನು ಅವತ್ತೇ ಮುಗಿಸಬೇಕು. ಕೆಳಗಿನ ಐದೂ ತಯಾರಿಗಳು ಮೊದಲನೇ ದಾರಿಯವು.

ಮೊದಲು ಹೊಂದಿಸಿಕೊಳ್ಳಬೇಕಾದ್ದು

ಸಾಮಾನು ಜಾಸ್ತಿ ಏನೂ ಬೇಡ. ಅಡುಗೆಮನೆಯ ಸಣ್ಣ ತೂಕದ ಯಂತ್ರ, ದಪ್ಪ ತಳದ ಬಾಣಲೆ, ಮಿಕ್ಸಿ, ಹಳೇ ಬಿಳಿ ಪಂಚೆಯ ತುಂಡು, ಬಿಗಿ ಮುಚ್ಚಳದ ಗಾಜಿನ ಬಾಟಲಿ ಮತ್ತು ಸ್ಟೀಲ್ ಡಬ್ಬಿ. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ ನೀರು ಇಳಿಸಿ, ಆಮೇಲೆ ಬಾಯಿ ಮೇಲೆ ಮಾಡಿ ಒಂದು ಹಗಲು ಬಿಸಿಲಿಗೆ ಇಡಿ. ಬಟ್ಟೆಯಲ್ಲಿ ಒರೆಸಿದರೆ ಸಾಲದು. ಮುಚ್ಚಳದ ಸುತ್ತಿನಲ್ಲಿ, ರಬ್ಬರಿನ ಕೆಳಗೆ ನೀರು ಕೂತಿರುತ್ತದೆ. ಅದನ್ನು ಬಿಚ್ಚಿ ಬೇರೆಯಾಗಿಯೇ ಒಣಗಿಸಿ.

ಸೀಗೆ, ಅಂಟುವಾಳ, ಕಚೋರ, ಲಾವಂಚ ಇವೆಲ್ಲ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಹೊಸಬರಿಗಾಗಿ ಹೇಳುತ್ತೇನೆ, ಗ್ರಂಧಿಗೆ ಅಂಗಡಿ ಅಂದರೆ ಬೇರು, ಕಾಯಿ, ನಾರು, ಪೂಜೆ ಸಾಮಾನು ಮಾರುವ ಅಂಗಡಿ. ಬೆಂಗಳೂರಿನಲ್ಲಿ ಚಿಕ್ಕಪೇಟೆ ಸುತ್ತಮುತ್ತ, ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆ ಕಡೆ ಹುಡುಕಿ. ಬೇರೆ ಊರುಗಳಲ್ಲಿ ಹಳೇ ಪೇಟೆ ಬೀದಿಯಲ್ಲಿ ಕೇಳಿದರೆ ತೋರಿಸುತ್ತಾರೆ. ಪುಡಿ ಮಾಡಿದ್ದನ್ನು ಕೊಳ್ಳಬೇಡಿ, ಇಡಿಯದನ್ನೇ ಕೇಳಿ. ಸೀಗೆಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು, ಮುರಿದರೆ ಪಟ್ ಅಂತ ಮುರಿಯಬೇಕು. ಬಗ್ಗಿದರೆ ಅದು ಹಸಿ. ಸಣ್ಣ ತೂತುಗಳಿದ್ದರೆ ಹುಳ ತಿಂದದ್ದು, ಬಿಟ್ಟುಬಿಡಿ.

ಅರಿಶಿನದ ವಿಷಯದಲ್ಲಂತೂ ಖಂಡಿತ ಕೊಂಬನ್ನೇ ತನ್ನಿ. ಬಿಡಿಯಾಗಿ ಮಾರುವ ಪುಡಿಗೆ ಹಳದಿ ಹೊಳಪು ಬರಲಿ ಅಂತ ಲೆಡ್ ಕ್ರೋಮೇಟ್ ಬೆರೆಸುವ ಕೆಟ್ಟ ಚಾಳಿ ನಮ್ಮ ಉಪಖಂಡದಲ್ಲಿ ಕಂಡುಬಂದಿದೆ. ಅದರಲ್ಲಿ ಸೀಸ ಇರುತ್ತದೆ, ಸೀಸ ಮಕ್ಕಳ ಮಿದುಳಿಗೆ ವಿಷ. ನಮ್ಮ ಚಾಮರಾಜನಗರದ ಕಡೆಯೇ ಒಳ್ಳೆ ಅರಿಶಿನ ಬೆಳೆಯುತ್ತಾರೆ. ಕೊಂಬು ತಂದು, ಜಜ್ಜಿ, ಮಿಕ್ಸಿಗೆ ಹಾಕಿದರೆ ಆಯಿತು.

ಇನ್ನೊಂದು ಕೆಲಸ ಬಾಕಿ ಇದೆ, ಅದು ಪ್ಯಾಚ್ ಟೆಸ್ಟ್. ಮಾಡಿದ್ದನ್ನು ಮೈಗೆಲ್ಲ ಹಚ್ಚುವ ಮೊದಲು ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ಅಗಲದಷ್ಟು ಜಾಗಕ್ಕೆ ಹಚ್ಚಿ ನೋಡುವುದಕ್ಕೆ ಹಾಗನ್ನುತ್ತಾರೆ. ಪುಡಿಯಾದರೆ ನೀರಲ್ಲಿ ಕಲಸಿ, ನೀವು ಬಳಸುವಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಎಣ್ಣೆಯಾದರೆ ಹಾಗೇ ಬಿಡಿ. ಎರಡು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಆ ತಯಾರಿ ನಿಮಗಲ್ಲ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗುವುದಿಲ್ಲ.

ಸೀಗೆಪುಡಿ

ಸೀಗೆಯಲ್ಲೂ ಅಂಟುವಾಳದಲ್ಲೂ ಸಪೋನಿನ್ ಅನ್ನುವ ಅಂಶ ಇದೆ. ನೊರೆ ಬರಿಸುವುದು, ಎಣ್ಣೆ ಜಿಡ್ಡು ಬಿಡಿಸುವುದು ಅದೇ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಹಾಕಿದರೆ ಬಿಳಿ ಗಷ್ಟು ಕೂದಲಿಗೆ ಅಂಟಿಕೊಳ್ಳುತ್ತದೆ. ಸಪೋನಿನ್ ಹಾಗೆ ಗಷ್ಟು ಕಟ್ಟುವುದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಇರುವವರಿಗೆ ಈ ಒಂದು ಕಾರಣಕ್ಕಾದರೂ ಸೀಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒಬ್ಬರಿಗೆ ವಾರಕ್ಕೊಮ್ಮೆ ತಲೆಸ್ನಾನಕ್ಕೆ ಮೂರು ನಾಲ್ಕು ತಿಂಗಳು ಆಗುವಷ್ಟು ಅಳತೆ: ಸೀಗೆಕಾಯಿ 250 ಗ್ರಾಂ, ಬೀಜ ತೆಗೆದ ಅಂಟುವಾಳ 50 ಗ್ರಾಂ, ಹೆಸರುಕಾಳು 100 ಗ್ರಾಂ, ಮೆಂತ್ಯ 50 ಗ್ರಾಂ, ನೆಲ್ಲಿಚೆಟ್ಟು ಅಂದರೆ ಒಣಗಿಸಿದ ನೆಲ್ಲಿಕಾಯಿ 25 ಗ್ರಾಂ, ಎರಡು ಹಿಡಿ ಒಣಗಿದ ಕರಿಬೇವು. ಮೆಂತ್ಯ ಲೋಳೆ ಬಿಟ್ಟು ಕೂದಲು ನುಣುಪಾಗಿಸುತ್ತದೆ, ಹೆಸರುಕಾಳು ಸೀಗೆಯ ಒರಟುತನ ತಗ್ಗಿಸುತ್ತದೆ. ಮೈಸೂರು ಸೀಮೆಯವರು ಚಿಗರೆಪುಡಿ, ಅಂದರೆ ಚಿಗರೆ ಮರದ ಒಣ ಎಲೆಯ ಪುಡಿ, ಸೇರಿಸುತ್ತಾರೆ. ಸಿಕ್ಕರೆ 50 ಗ್ರಾಂ ಹಾಕಿ, ಆಗ ಅಂಟುವಾಳ ಅರ್ಧಕ್ಕೆ ಇಳಿಸಿ.

1. ಸೀಗೆಕಾಯಿಯ ತೊಟ್ಟು, ನಾರು ತೆಗೆದು ಮುರಿದು ಬೀಜ ಉದುರಿಸಿ. ಅಂಟುವಾಳವನ್ನು ಕುಟ್ಟಿ ಕಪ್ಪು ಬೀಜ ತೆಗೆಯಿರಿ. ಆ ಬೀಜ ಕಲ್ಲಿನಷ್ಟು ಗಟ್ಟಿ, ಒಂದು ಉಳಿದರೂ ಮಿಕ್ಸಿ ಬ್ಲೇಡ್ ಹಾಳು.

2. ಕರಿಬೇವನ್ನು ತೊಳೆದು ನೆರಳಲ್ಲಿ ಬಟ್ಟೆ ಮೇಲೆ ಹರಡಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವವರೆಗೆ ಒಣಗಿಸಿ. ಕಾಯಿ, ಕಾಳುಗಳನ್ನು ತೊಳೆಯಬೇಡಿ. ಒರೆಸಿ, ಕೇರಿ, ಎರಡು ಮೂರು ದಿನ ಒಳ್ಳೇ ಬಿಸಿಲಿಗೆ ಹಾಕಿ. ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತನ್ನಿ. ಶಿವರಾತ್ರಿಯಿಂದ ಯುಗಾದಿವರೆಗಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಮಾಡಲೇಬೇಕಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಹುರಿಯಬಾರದು, ಬಣ್ಣ ತಿರುಗಬಾರದು.

3. ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಪುಡಿ ಮಾಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆದರೆ ಸೀಗೆ ಧೂಳು ನೇರ ಗಂಟಲಿಗೆ ಹೋಗಿ ಸೀನು, ಕೆಮ್ಮು ಶುರುವಾಗುತ್ತದೆ. ಐದು ನಿಮಿಷ ಬಿಟ್ಟು ತೆಗೆಯಿರಿ. ಅಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ.

4. ಗಿರಣಿಗೆ ಕೊಡುವುದಾದರೆ ಒಂದು ವಿಷಯ ಕೇಳಿಯೇ ಕೊಡಿ: ಇದೇ ಯಂತ್ರದಲ್ಲಿ ಖಾರದಪುಡಿ ಬೀಸಿದ್ದೀರಾ ಅಂತ. ಮೆಣಸಿನಕಾಯಿಯ ಸ್ವಲ್ಪ ಪುಡಿ ಸೇರಿಕೊಂಡರೂ ನೆತ್ತಿ, ಕಣ್ಣು ಎರಡೂ ಉರಿಯುತ್ತವೆ. ಕೆಲವು ಗಿರಣಿಯವರು ಸೀಗೆಗೆ ಅಂತಲೇ ಬೇರೆ ಯಂತ್ರ ಇಟ್ಟಿರುತ್ತಾರೆ, ಅಂಥವರನ್ನೇ ಹುಡುಕಿ.

5. ಪುಡಿಯನ್ನು ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಆಯುರ್ವೇದದವರು ಇದಕ್ಕೆ ವಸ್ತ್ರಗಾಳಿತ ಅನ್ನುತ್ತಾರೆ. ತರಿ ಉಳಿದರೆ ಕೂದಲಲ್ಲಿ ಸಿಕ್ಕಿಕೊಂಡು ಬಾಚಣಿಗೆಗೆ ಬರುತ್ತಲೇ ಇರುತ್ತದೆ. ಬೀಸಿದ ಬಿಸಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಹುಳ ಬೀಳುವುದು ಅಲ್ಲಿಂದಲೇ ಶುರು.

ಬಳಸುವಾಗ ಮೂರು ಚಮಚ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲೋ ಅನ್ನ ಬಸಿದ ಗಂಜಿಯಲ್ಲೋ ಕಲಸಿ ಹತ್ತು ನಿಮಿಷ ಬಿಡಿ. ತಲೆ ಬಗ್ಗಿಸಿ, ಕಣ್ಣು ಮುಚ್ಚಿಕೊಂಡು ಹಚ್ಚಿ. ಕಣ್ಣಿಗೆ ಹೋದರೆ ಉಜ್ಜಬೇಡಿ, ತಣ್ಣೀರು ಹಾಕುತ್ತಲೇ ಇರಿ, ಉರಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಶಾಂಪೂ ಥರ ದಪ್ಪ ನೊರೆ ಬರುವುದಿಲ್ಲ. ನೊರೆ ಕಡಿಮೆ ಅಂತ ಪುಡಿ ಜಾಸ್ತಿ ಹಾಕುತ್ತಾ ಹೋಗುವುದೇ ಎಲ್ಲರೂ ಮಾಡುವ ತಪ್ಪು, ಅದರಿಂದ ಕೂದಲು ಒಣಗಿ ಬಿರುಸಾಗುತ್ತದೆ. ಎಣ್ಣೆ ಜಾಸ್ತಿ ಹಚ್ಚಿದ್ದರೆ ಸ್ವಲ್ಪ ಸ್ವಲ್ಪ ಪುಡಿಯಲ್ಲಿ ಎರಡು ಸಲ ತೊಳೆಯಿರಿ.

ತಲೆಗೆ ಹಚ್ಚುವ ಎಣ್ಣೆ

ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೆಚ್ಚು ಜನರ ಕೈಲಿ ಕೆಡುವುದು ಇದೇ. ಹಸಿ ಸೊಪ್ಪನ್ನು ರುಬ್ಬಿ ಎಣ್ಣೆಗೆ ಹಾಕಿ ಕುದಿಸಿ, ಬಣ್ಣ ಹಸಿರಾದ ಕೂಡಲೇ ಒಲೆ ಆರಿಸಿಬಿಡುತ್ತಾರೆ. ಸೊಪ್ಪಿನ ನೀರು ಅಲ್ಲೇ ಉಳಿಯುತ್ತದೆ. ಮೂರು ವಾರಕ್ಕೆ ತಳದಲ್ಲಿ ಕಪ್ಪು ಪಾಚಿ ಥರ ಕೂರುತ್ತದೆ, ಮುಗ್ಗಲು ವಾಸನೆ ಬರುತ್ತದೆ.

ಅಳತೆ: ಗಾಣದ ಕೊಬ್ಬರಿ ಎಣ್ಣೆ ಅರ್ಧ ಲೀಟರ್, ಕರಿಬೇವು ಎರಡು ಹಿಡಿ, ಐದೆಸಳಿನ ಕೆಂಪು ದಾಸವಾಳದ ಹೂ ಹತ್ತು, ಅದರದೇ ಎಲೆ ಒಂದು ಹಿಡಿ, ಗರುಗದ ಸೊಪ್ಪು ಒಂದು ಹಿಡಿ (ಭೃಂಗರಾಜ ಅನ್ನುವುದು ಇದನ್ನೇ), ಮೆಂತ್ಯ ಒಂದು ಚಮಚ. ಗರುಗ ಸಿಗದಿದ್ದರೆ ಬಿಡಿ. ಗುರುತು ಗೊತ್ತಿಲ್ಲದೆ ಗದ್ದೆ ಬದುವಿನಿಂದ ಯಾವುದೋ ಸೊಪ್ಪು ಕಿತ್ತು ಹಾಕಬೇಡಿ.

1. ಹಿಂದಿನ ದಿನವೇ ಸೊಪ್ಪು, ಹೂ ತೊಳೆದು, ಬಟ್ಟೆ ಮೇಲೆ ಹರಡಿ, ಫ್ಯಾನ್ ಕೆಳಗೆ ರಾತ್ರಿಯಿಡೀ ಬಾಡಿಸಿ. ಮೇಲಿನ ನೀರೆಲ್ಲ ಹೋಗಿರಬೇಕು. ಹೂವಿನ ತೊಟ್ಟು, ಹಸಿರು ಬುಡ ತೆಗೆಯಿರಿ.

2. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಬಿಸಿಮಾಡಿ. ಹೊಗೆ ಬರುವಷ್ಟು ಬೇಡ. ಮೊದಲು ಎಲೆಗಳು, ಹತ್ತು ನಿಮಿಷ ಬಿಟ್ಟು ಹೂ, ಕೊನೆಗೆ ಮೆಂತ್ಯ. ಒಟ್ಟಿಗೆ ಸುರಿದರೆ ಎಣ್ಣೆ ಉಕ್ಕಿ ಒಲೆ ಮೇಲೆ ಬೀಳುತ್ತದೆ, ಬೆಂಕಿ ಹತ್ತಿಕೊಳ್ಳುವ ಅಪಾಯ ಇದೆ. ಬಾಣಲೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು.

3. ಉರಿ ಪೂರ್ತಿ ಸಣ್ಣಗೆ ಇಟ್ಟು ಕಾಯಿರಿ. ಮುಕ್ಕಾಲು ಗಂಟೆಯ ತನಕ ಹಿಡಿಯಬಹುದು. ಇಲ್ಲಿ ಕಿವಿ ಕೊಟ್ಟು ಕೇಳಬೇಕು. ಮೊದಲು ಎಣ್ಣೆ ಜೋರಾಗಿ ಸೊರಸೊರ ಅನ್ನುತ್ತದೆ, ಆ ಸದ್ದು ಎಲೆಯೊಳಗಿನ ನೀರು ಆವಿಯಾಗುವುದರದ್ದು. ನೀರು ಮುಗಿಯುತ್ತಾ ಬಂದಂತೆ ಗುಳ್ಳೆಗಳು ಸಣ್ಣವಾಗಿ, ಸದ್ದು ಇಳಿದು, ಕೊನೆಗೆ ಎಣ್ಣೆ ಸುಮ್ಮನಾಗುತ್ತದೆ.

4. ಸದ್ದು ನಿಂತ ಕೂಡಲೇ ಒಂದು ಎಲೆ ತೆಗೆದು ತಟ್ಟೆಗೆ ಹಾಕಿ, ಆರಿದ ಮೇಲೆ ಬೆರಳಲ್ಲಿ ಮುರಿಯಿರಿ. ಗರಿಗರಿಯಾಗಿ ಪುಡಿಯಾಗಬೇಕು. ಬಗ್ಗಿದರೆ ಇನ್ನೂ ನೀರಿದೆ. ಇನ್ನೊಂದು ಹಳೇ ಪರೀಕ್ಷೆಯೂ ಇದೆ, ಅದನ್ನು ತಪ್ಪಿಸಬೇಡಿ. ಚಮಚದಲ್ಲಿ ಸ್ವಲ್ಪ ಎಣ್ಣೆ ತೆಗೆದು ಒಲೆಯಿಂದ ದೂರ ಹೋಗಿ, ಹತ್ತಿ ಬತ್ತಿ ಅದ್ದಿ ಹಚ್ಚಿ ನೋಡಿ. ಚಟಚಟ ಅಂತ ಸಿಡಿದರೆ ನೀರು ಉಳಿದಿದೆ ಅಂತ ಅರ್ಥ. ಒಂದೇ ಸಮನೆ ಉರಿದರೆ ಎಣ್ಣೆ ಆಗಿದೆ.

5. ಸರಿಯಾಗಿ ಇಲ್ಲೇ ಒಲೆ ಆರಿಸಿ. ಇನ್ನೂ ಬಿಟ್ಟರೆ ಎಲೆ ಕರ‍್ರಗಾಗಿ ಸೀದ ವಾಸನೆ ಬರುತ್ತದೆ, ಆಮೇಲೆ ಏನು ಮಾಡಿದರೂ ಅದು ಹೋಗುವುದಿಲ್ಲ.

6. ಉಗುರುಬೆಚ್ಚಗಾದಾಗ ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಹಿಂಡಬೇಡಿ. ಹಿಂಡಿದರೆ ಸೊಪ್ಪಿನ ಚೂರೆಲ್ಲ ಎಣ್ಣೆಗೆ ಇಳಿದು ತಳದಲ್ಲಿ ಕೂರುತ್ತದೆ. ಒಂದು ರಾತ್ರಿ ಅಲ್ಲಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾಟಲಿಗೆ ಬಗ್ಗಿಸಿ.

ಹೀಗೆ ಮಾಡಿದ್ದು ಆರು ತಿಂಗಳು ಇರುತ್ತದೆ. ದಿನಾ ಬಳಸಲು ಚಿಕ್ಕ ಬಾಟಲಿಗೆ ಸ್ವಲ್ಪ ತೆಗೆದುಕೊಳ್ಳಿ, ದೊಡ್ಡದನ್ನು ಮತ್ತೆ ಮತ್ತೆ ತೆರೆಯಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ, ಚಳಿಗಾಲದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದು ನೋಡಿ ಕೆಟ್ಟಿತು ಅಂದುಕೊಳ್ಳಬೇಡಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಕರಗುತ್ತದೆ.

ಇದರಿಂದ ಕೂದಲು ಬೆಳೆಯುತ್ತಾ ಅಂತ ಕೇಳುತ್ತೀರಿ. ಕೊಬ್ಬರಿ ಎಣ್ಣೆ ಕೂದಲ ಎಳೆಯ ಒಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟ ಕಡಿಮೆ ಮಾಡುತ್ತದೆ, ಹಾಗಾಗಿ ಕೂದಲು ತುಂಡಾಗುವುದು ಕಡಿಮೆ. ಇದು ನಿಜ. ಬುಡದಿಂದ ಉದುರುವುದು ಬೇರೆ ಕಥೆ. ಕಬ್ಬಿಣದ ಅಂಶ ಕಡಿಮೆ, ಥೈರಾಯ್ಡ್, ಹೆರಿಗೆ ಆದ ಮೇಲಿನ ತಿಂಗಳುಗಳು, ಜ್ವರ ಬಂದು ಹೋದದ್ದು, ಹೀಗೆ ಕಾರಣ ಯಾವುದೂ ಇರಬಹುದು. ಅದಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಎಣ್ಣೆ ಬದಲಾಯಿಸುತ್ತಾ ವರ್ಷ ಕಳೆಯಬೇಡಿ. ತಲೆಹೊಟ್ಟು ಜಾಸ್ತಿ ಇರುವವರು ರಾತ್ರಿಯಿಡೀ ಎಣ್ಣೆ ಬಿಡುವುದು ಬೇಡ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಜಿಡ್ಡು ತಿಂದೇ ಬೆಳೆಯುವುದು.

ಅಭ್ಯಂಜನಕ್ಕೂ ಇದೇ ಎಣ್ಣೆ ಬಳಸುವವರಿದ್ದಾರೆ. ಯುಗಾದಿ, ನರಕ ಚತುರ್ದಶಿ ದಿನ ಮನೆಮಂದಿಯೆಲ್ಲ ಒಬ್ಬರ ಹಿಂದೆ ಒಬ್ಬರು ಎಣ್ಣೆಸ್ನಾನ ಮಾಡುತ್ತಾರಲ್ಲ, ಒಬ್ಬೊಬ್ಬರ ಸ್ನಾನ ಆದ ಮೇಲೂ ಬಚ್ಚಲ ನೆಲಕ್ಕೆ ಸೀಗೆಪುಡಿ ಹಾಕಿ ಉಜ್ಜಿ ತೊಳೆಯಿರಿ. ವಯಸ್ಸಾದವರು ಜಾರಿ ಬಿದ್ದರೆ ಹಬ್ಬ ಆಸ್ಪತ್ರೆಯಲ್ಲಿ ಕಳೆಯುತ್ತದೆ.

ಸ್ನಾನದ ಪುಡಿ

ಇದು ಸುಲಭ. ಹೆಸರುಕಾಳು 250 ಗ್ರಾಂ, ಕಡಲೆಬೇಳೆ 100 ಗ್ರಾಂ, ಕಚೋರ 25 ಗ್ರಾಂ, ಲಾವಂಚದ ಬೇರು 25 ಗ್ರಾಂ, ಒಣಗಿದ ಗುಲಾಬಿ ದಳ ಎರಡು ಹಿಡಿ, ಕಸ್ತೂರಿ ಅರಿಶಿನ 15 ಗ್ರಾಂ. ಕಸ್ತೂರಿ ಅರಿಶಿನ ಅಡುಗೆಯದಲ್ಲ, ಕರ್ಪೂರದಂಥ ಪರಿಮಳ ಇರುವ ಬೇರೆ ಜಾತಿ. ಅಡುಗೆ ಅರಿಶಿನ ಹಾಕಿದರೆ ಮುಖ, ಟವಲ್ಲು, ದಿಂಬಿನ ಕವರು ಎಲ್ಲ ಹಳದಿ.

1. ಲಾವಂಚವನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ. ಹಾಗೇ ಹಾಕಿದರೆ ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಕಚೋರ ಮತ್ತು ಅರಿಶಿನದ ಕೊಂಬನ್ನು ಕುಟ್ಟಾಣಿಯಲ್ಲಿ ಜಜ್ಜಿ.

2. ಎಲ್ಲವನ್ನೂ ಎರಡು ದಿನ ಬಿಸಿಲಿಗೆ ಹಾಕಿ. ಗುಲಾಬಿ ದಳ ಮಾತ್ರ ನೆರಳಲ್ಲಿ.

3. ಪುಡಿ ಮಾಡಿ ಎರಡು ಸಲ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮುಖಕ್ಕೆ ನುಣ್ಣಗಿನದ್ದು, ಜರಡಿಯಲ್ಲಿ ಉಳಿದ ತರಿ ಮೊಣಕೈ, ಹಿಮ್ಮಡಿಗೆ.

ಬಳಸುವಾಗ ಬೇಕಾದಷ್ಟನ್ನೇ ಅಂಗೈಗೆ ಹಾಕಿಕೊಂಡು ನೀರು, ಹಾಲು ಅಥವಾ ಮೊಸರಲ್ಲಿ ಕಲಸಿ, ಮೆಲ್ಲಗೆ ಸವರಿ ತೊಳೆಯಿರಿ. ಒಣಗಿ ಬಿರುಕು ಬಿಡುವವರೆಗೆ ಮುಖದ ಮೇಲೆ ಬಿಟ್ಟು, ಆಮೇಲೆ ಕೆರೆದು ತೆಗೆಯುವುದು ಬೇಡವೇ ಬೇಡ, ಚರ್ಮ ತರಚುತ್ತದೆ. ನಿಂಬೆರಸ ಸೇರಿಸಬೇಡಿ. ಅದು ತುಂಬಾ ಹುಳಿ, ಜೊತೆಗೆ ನಿಂಬೆಯಲ್ಲಿರುವ ಕೆಲವು ಅಂಶಗಳ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗಾಗಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೇಲೆ ಕೇಳಿದ ಮುಖ ಉರಿಯ ಪ್ರಶ್ನೆಗೆ ಉತ್ತರ ಇದೇ. ಅಡುಗೆ ಸೋಡಾ ಕೂಡ ಅಷ್ಟೇ: ಚರ್ಮ ಸ್ವಲ್ಪ ಹುಳಿ ಗುಣದ್ದು, ಸೋಡಾ ಅದಕ್ಕೆ ವಿರುದ್ಧ. ಚರ್ಮ ಒಡೆದಿದ್ದರೆ, ಮಕ್ಕಳಿಗೆ ಎಕ್ಸಿಮಾ ಅಂದರೆ ಇಸುಬು ಇದ್ದರೆ ಈ ಪುಡಿ ಬೇಡ.

ಹಿಟ್ಟು ಬಚ್ಚಲ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಇರುವವರು ಜಾಲರಿ ಹಾಕಿಕೊಳ್ಳಿ.

ಹಿಮ್ಮಡಿ ಒಡಕಿಗೆ ಮುಲಾಮು

ಮಲೆನಾಡು, ಕರಾವಳಿ ಕಡೆಯವರಿಗೆ ಮುರುಗಲ ತುಪ್ಪ ಗೊತ್ತು. ಪುನರ್ಪುಳಿ ಹಣ್ಣಿನ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು ಅದು, ಬಯಲುಸೀಮೆಯವರು ಹೆಸರೂ ಕೇಳಿರಲಿಕ್ಕಿಲ್ಲ. ಹೊರಗೆ ಇಟ್ಟರೆ ಗಟ್ಟಿ ಬಿಲ್ಲೆ, ಬೆಚ್ಚಗಿನ ಅಂಗಾಲಿಗೆ ತಿಕ್ಕಿದರೆ ನಿಧಾನ ಕರಗುತ್ತದೆ. ನನಗೆ ಇದಕ್ಕಿಂತ ಒಳ್ಳೆಯದು ಇನ್ನೊಂದು ಕಂಡಿಲ್ಲ. ಶಿರಸಿ, ಸಾಗರ ಕಡೆ ಪರಿಚಯದವರಿದ್ದರೆ ತರಿಸಿಕೊಳ್ಳಿ. ಜೇನುಮೇಣ ಜೇನು ಸಾಕುವವರ ಹತ್ತಿರ ಸಿಗುತ್ತದೆ.

ಅಳತೆ: ಮುರುಗಲ ತುಪ್ಪ 50 ಗ್ರಾಂ, ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ 50 ಗ್ರಾಂ, ಜೇನುಮೇಣ 10 ಗ್ರಾಂ. ಮುರುಗಲ ತುಪ್ಪ ಸಿಗದಿದ್ದರೆ ಎಣ್ಣೆ 80 ಗ್ರಾಂ, ಮೇಣ 20 ಗ್ರಾಂ.

1. ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಒಣಗಿದ ಸ್ಟೀಲ್ ಬಟ್ಟಲು ಇಟ್ಟು ಮೇಣ ಕರಗಿಸಿ. ನೇರ ಉರಿ ಮೇಲೆ ಮೇಣ ಇಡಬಾರದು, ಹೊತ್ತಿಕೊಳ್ಳುತ್ತದೆ. 62ರಿಂದ 64 ಡಿಗ್ರಿಗೆಲ್ಲ ಅದು ಕರಗುವುದರಿಂದ ಬಿಸಿನೀರು ಸಾಕು.

2. ಎಣ್ಣೆ, ಆಮೇಲೆ ಮುರುಗಲ ತುಪ್ಪ ಸೇರಿಸಿ ಕಲಕಿ. ಹೊರಗಿನ ನೀರು ಒಂದು ಹನಿಯೂ ಒಳಗೆ ಸಿಡಿಯದಂತೆ ನೋಡಿಕೊಳ್ಳಿ.

3. ತಣ್ಣಗಿನ ಸ್ಟೀಲ್ ಚಮಚದ ಬೆನ್ನಿಗೆ ಒಂದು ಹನಿ ಬಿಟ್ಟು, ಗಟ್ಟಿಯಾದ ಮೇಲೆ ಬೆರಳಲ್ಲಿ ಒತ್ತಿ ನೋಡಿ. ಕಲ್ಲಿನ ಹಾಗಿದ್ದರೆ ಇನ್ನೊಂದು ಚಮಚ ಎಣ್ಣೆ, ಮೆತ್ತಗಿದ್ದರೆ ಚಿಟಿಕೆ ಮೇಣ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಮೇಣ ಸ್ವಲ್ಪ ಮುಂದಾಗಿಯೇ ಇರಲಿ.

4. ಬಿಸಿಯಿರುವಾಗಲೇ ಅಗಲ ಬಾಯಿಯ ಡಬ್ಬಿಗೆ ಸುರಿದು, ಪೂರ್ತಿ ಆರಿದ ಮೇಲೆ ಮುಚ್ಚಿ.

ರಾತ್ರಿ ಕಾಲನ್ನು ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿಟ್ಟು, ಚೆನ್ನಾಗಿ ಒರೆಸಿ, ಹಚ್ಚಿ, ಹತ್ತಿಯ ಸಾಕ್ಸ್ ಹಾಕಿಕೊಳ್ಳಿ. ತುಟಿಗೂ ಇದೇ ಆಗುತ್ತದೆ, ಅದಕ್ಕೆ ಬೇರೆ ಪುಟ್ಟ ಡಬ್ಬಿ ಇಡಿ. ಸಕ್ಕರೆ ಕಾಯಿಲೆ ಇರುವವರು ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಬೇಡಿ, ಬಿಸಿನೀರಲ್ಲೂ ಇಡಬೇಡಿ. ಕಾಲಿನ ಸ್ಪರ್ಶ ಕಡಿಮೆ ಇದ್ದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಒಡಕಿನಲ್ಲಿ ರಕ್ತ, ಕೀವು ಕಂಡರೆ ಮುಲಾಮು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಕಷಾಯ ಪುಡಿ

ಮನೆಗೊಂದು ಕಷಾಯದ ಲೆಕ್ಕ ಇರುತ್ತದೆ. ದಿನಾ ಕಾಫಿ ಬದಲು ಕುಡಿಯುವಂಥ ಮೆದು ಕಷಾಯದ್ದು ಇದು: ಧನಿಯಾ ಒಂದು ಲೋಟ, ಜೀರಿಗೆ ಅರ್ಧ ಲೋಟ, ಬಡೇಸೋಪು ಎರಡು ಚಮಚ, ಕಾಳುಮೆಣಸು ಒಂದು ದೊಡ್ಡ ಚಮಚ, ಮೆಂತ್ಯ ಒಂದು ಚಿಕ್ಕ ಚಮಚ, ಒಣಶುಂಠಿ ಎರಡು ಇಂಚು, ಏಲಕ್ಕಿ ಎಂಟು.

1. ಒಂದೊಂದನ್ನೂ ಬೇರೆ ಬೇರೆ, ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಬೆಚ್ಚಗೆ ಮಾಡಿ. ಮೆಂತ್ಯ ಸೀದರೆ ಡಬ್ಬಿಯೆಲ್ಲ ಕಹಿ.

2. ಪೂರ್ತಿ ಆರಿಸಿ, ತರಿತರಿಯಾಗಿ ಪುಡಿ ಮಾಡಿ. ನುಣ್ಣಗೆ ಮಾಡಿದರೆ ಪರಿಮಳ ಬೇಗ ಹೋಗುತ್ತದೆ.

3. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಮುಕ್ಕಾಲು ಲೋಟ ಆಗುವವರೆಗೆ ಕುದಿಸಿ. ಹಾಲು ಹಾಕಿ ಒಂದು ಕುದಿ ಬಂದ ಮೇಲೆ ಒಲೆ ಆರಿಸಿ, ಬೆಲ್ಲ ಆಮೇಲೆ ಹಾಕಿ. ಕುದಿಯುವಾಗಲೇ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ.

ಎರಡು ತಿಂಗಳಿಗೆ ಆಗುವಷ್ಟೇ ಮಾಡಿ. ಕೆಮ್ಮು ಅಂತ ಅತಿಮಧುರ ಸೇರಿಸುವುದಾದರೆ ಮೂರು ನಾಲ್ಕು ದಿನಕ್ಕೆ ನಿಲ್ಲಿಸಿ. ದಿನಾ ಕುಡಿದರೆ ಅದು ಬಿಪಿ ಏರಿಸುತ್ತದೆ. ಬಿಪಿ ಇರುವವರು, ಬಸುರಿಯರು ಹಾಕಲೇಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು, ಬಾಟ್ಯುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು. ಕೆಮ್ಮು ಎರಡು ವಾರ ದಾಟಿದರೆ ಕಷಾಯ ಬಿಟ್ಟು ಕಫ ಪರೀಕ್ಷೆ ಮಾಡಿಸಿ. ಕ್ಷಯ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಮನೆಯಲ್ಲಿ ಮಾಡಬಾರದವು

ಕಣ್ಣಿಗೆ ಹಾಕುವ ಯಾವುದೂ ಬೇಡ. ಕಾಡಿಗೆ, ಗುಲಾಬಿನೀರಿನ ಹನಿ, ಜೇನು ಯಾವುದೂ ಬೇಡ, ಅದರಲ್ಲೂ ಮಗುವಿನ ಕಣ್ಣಿಗೆ. ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗಿಳಿದು ಸೋಂಕಾಗುತ್ತದೆ. ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವುದನ್ನು ಮಕ್ಕಳ ಡಾಕ್ಟರನ್ನು ಕೇಳದೆ ಮಾಡಬೇಡಿ, ಅಜ್ಜಿಯರು ಬೇಸರ ಮಾಡಿಕೊಂಡರೂ ಸರಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಅರಿಶಿನ, ಶಾಯಿ ಹಚ್ಚುವುದು ಬೇಡ, ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಕೊಬ್ಬರಿ ಎಣ್ಣೆ ಸನ್‌ಸ್ಕ್ರೀನ್ ಆಗುವುದಿಲ್ಲ. ಬಿಸಿಲಿಗೆ ಕೊಡೆಯೋ ಸೆರಗೋ ಹಿಡಿಯಿರಿ, ಇಲ್ಲಾ ಅಂಗಡಿಯದನ್ನೇ ಕೊಳ್ಳಿ. ಮಕ್ಕಳಿಗೆ ಬಿಸಿನೀರಿನ ಪಾತ್ರೆ ಮುಂದಿಟ್ಟು ಹಬೆ ಕೊಡುವುದೂ ಅಪಾಯ, ಪಾತ್ರೆ ಮಗುಚಿದರೆ ಮೈ ಸುಡುತ್ತದೆ.

ಲೋಳೆಸರ, ಮೊಸರು, ಹಣ್ಣಿನ ತಿರುಳು ಇವೆಲ್ಲ ನೀರಿರುವ ಸಾಮಾನು, ಅವತ್ತೇ ಮುಗಿಸಬೇಕಾದವು. ಲೋಳೆಸರದ ಎಲೆ ಕತ್ತರಿಸಿದರೆ ಮೊದಲು ಹಳದಿ ರಸ ಸೋರುತ್ತದೆ, ತುರಿಕೆ ತರುವುದು ಅದೇ. ಎಲೆಯನ್ನು ಕಾಲು ಗಂಟೆ ಓರೆಯಾಗಿ ನಿಲ್ಲಿಸಿ, ತೊಳೆದು, ಆಮೇಲೆ ಸಿಪ್ಪೆ ತೆಗೆಯಿರಿ. ಅವತ್ತು ಮುಗಿಯದೆ ಉಳಿದರೆ ಫ್ರಿಜ್ಜಿನಲ್ಲಿ ಎರಡು ದಿನ, ಅಷ್ಟೇ.

ಇಡುವುದು, ಕೆಟ್ಟದ್ದು ಗುರುತಿಸುವುದು

ಡಬ್ಬಿ ಮೇಲೆ ಮಾಡಿದ ತಾರೀಕು ಬರೆದು ಅಂಟಿಸಿ. ಬಚ್ಚಲಲ್ಲಿ ಇಡಬೇಡಿ. ಬೇಕಾದಷ್ಟು ಬಟ್ಟಲಿಗೆ ತೆಗೆದುಕೊಂಡು ಹೋಗಿ, ಒದ್ದೆ ಕೈ, ಒದ್ದೆ ಚಮಚ ಡಬ್ಬಿಗೆ ಹಾಕಬೇಡಿ. ಪುಡಿ ಗಂಟು ಕಟ್ಟಿದರೆ, ಜೇಡರ ಬಲೆಯಂಥ ಎಳೆ ಕಂಡರೆ, ಮುಗ್ಗಲು ವಾಸನೆ ಬಂದರೆ ಕಾಂಪೋಸ್ಟಿಗೆ ಹಾಕಿ. ಬಿಸಿಲಿಗೆ ಹಾಕಿ ಸರಿಮಾಡಲು ಹೋಗಬೇಡಿ, ಬೂಷ್ಟಿನ ವಿಷ ಬಿಸಿಲಿಗೆ ಹೋಗುವುದಿಲ್ಲ. ಎಣ್ಣೆ, ಮುಲಾಮು ಕಮಟು ವಾಸನೆ ಬಂದರೆ ಅವಧಿ ಮುಗಿಯಿತು ಅಂತ ಲೆಕ್ಕ.

ಕೊನೆಯ ಎರಡು ಪ್ರಶ್ನೆ. ಮಾಡಿದ್ದನ್ನು ಮಾರಬಹುದಾ? ನೆಂಟರಿಷ್ಟರಿಗೆ ಸುಮ್ನೆ ಕೊಡುವುದು ಬೇರೆ. ಪ್ಯಾಕೆಟ್ ಮಾಡಿ ಮಾರುವುದಾದರೆ ಸೌಂದರ್ಯ ಸಾಮಗ್ರಿ ತಯಾರಿಕೆಗೆ 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಮತ್ತು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ಮೊದಲು ಅದನ್ನು ವಿಚಾರಿಸಿ, ಆಮೇಲೆ ಲೇಬಲ್ ಅಚ್ಚು ಹಾಕಿಸಿ.

ಇನ್ನು ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸುವುದು. ಪುಡಿಯನ್ನು ಚೀಟಿ ಇಲ್ಲದ ಕವರಿನಲ್ಲಿ ಕಟ್ಟಿ ಕೊಡಬೇಡಿ, ಒಳಗೆ ಏನೇನಿದೆ ಅಂತ ಇಂಗ್ಲಿಷಿನಲ್ಲಿ ಬರೆದು ಅಂಟಿಸಿ, ಚೆಕ್-ಇನ್ ಬ್ಯಾಗಿನಲ್ಲೇ ಇಡಲು ಹೇಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ಗಿಡಮೂಲಿಕೆ ಸಾಮಾನನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಘೋಷಿಸದಿದ್ದರೆ ದಂಡ ಬೀಳುತ್ತದೆ. ಘೋಷಿಸಿದರೆ ಬಿಟ್ಟರೂ ಬಿಡಬಹುದು, ಇಲ್ಲಾ ಡಬ್ಬಿಯನ್ನು ಅಲ್ಲೇ ಇಟ್ಟುಕೊಳ್ಳಬಹುದು.